ಕೂಗಿದರೆ ಹಿಂದೆ ಸರಿಯುವ ಯಂತ್ರ

ಮಕ್ಕಳೇ, ಯಂತ್ರಕ್ಕೆ ನಾಚಿಕೆಯಾಗುವುದುಂಟೇ? ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವನ್ ಊರಿನಲ್ಲಿ 1970ರಲ್ಲಿ ಒಂದು ಯಂತ್ರವಿತ್ತು. ಮೆಲ್ಲಗೆ ಮಾತಾಡಿಸಿದರೆ ತಲೆ ತಗ್ಗಿಸಿ ಹತ್ತಿರ ಬರುತ್ತಿತ್ತು. ಗಟ್ಟಿಯಾಗಿ ಕೂಗಿದರೆ ಥಟ್ಟನೆ ಹಿಂದೆ ಸರಿಯುತ್ತಿತ್ತು.

ಅದರ ಹೆಸರು ಸೆನ್‌ಸ್ಟರ್. ಫಿಲಿಪ್ಸ್ ಕಂಪನಿಯ ವಿಜ್ಞಾನ ಪ್ರದರ್ಶನಾಲಯಕ್ಕಾಗಿ ಅದನ್ನು ಮಾಡಿದವರು ಎಡ್ವರ್ಡ್ ಇಹ್ನಾಟೊವಿಚ್. ಪೋಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಶಿಲ್ಪಿ ಅವರು. ಸೆನ್‌ಸ್ಟರ್ ಸುಮಾರು 15 ಅಡಿ ಉದ್ದ, 8 ಅಡಿ ಎತ್ತರ. ಮೈಮೇಲೆ ಚರ್ಮವಿಲ್ಲ, ತುಪ್ಪಳವಿಲ್ಲ, ಮುಖವೂ ಇಲ್ಲ. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳು, ವೈರುಗಳು ಎಲ್ಲವೂ ಕಣ್ಣಿಗೆ ಕಾಣುವಂತೆಯೇ ಇದ್ದವು. ಆದರೂ ನೋಡುವವರಿಗೆ ಅದಕ್ಕೆ ಜೀವವಿದೆ ಅನ್ನಿಸುತ್ತಿತ್ತು. ಏಕೆ?

ಮೊದಲು ಅದರ ಕತ್ತನ್ನು ನೋಡೋಣ. ಏಡಿಯ ಕಾಲನ್ನು ಎಂದಾದರೂ ಗಮನಿಸಿದ್ದೀರಾ? ಅದರ ಒಂದೊಂದು ಕೀಲೂ ಬಾಗಿಲಿನ ತಿರುಗಣಿಯ ಹಾಗೆ ಒಂದೇ ದಿಕ್ಕಿನಲ್ಲಿ ಮಡಚುತ್ತದೆ. ಆದರೆ ಕೀಲುಗಳು ಬೇರೆ ಬೇರೆ ದಿಕ್ಕಿಗೆ ಜೋಡಣೆಯಾಗಿರುವುದರಿಂದ ಇಡೀ ಕಾಲು ಬೇಕಾದ ಕಡೆಗೆ ಹೊರಳುತ್ತದೆ. ಏಡಿಯ ದೊಡ್ಡ ಬಂಧುವಾದ ಲಾಬ್‌ಸ್ಟರ್‌ನ ಕೊಂಡಿಗಾಲನ್ನು ನೋಡಿ ಇಹ್ನಾಟೊವಿಚ್ ಈ ಗುಟ್ಟು ಕಲಿತರು, ಸೆನ್‌ಸ್ಟರ್‌ಗೆ ಅಂಥ ಆರು ಕೀಲುಗಳನ್ನು ಕೊಟ್ಟರು. ಅವನ್ನು ಚಲಿಸುವಂತೆ ಮಾಡುತ್ತಿದ್ದುದು ಒತ್ತಡದಲ್ಲಿ ಹರಿಯುವ ಎಣ್ಣೆ. ರಸ್ತೆ ಬದಿ ಮಣ್ಣು ತೋಡುವ ಜೆಸಿಬಿಯ ತೋಳು ಎದ್ದು ಇಳಿಯುವುದೂ ಇದೇ ಬಲದಿಂದ.

ಇನ್ನು ಕಿವಿ. ತಲೆಯ ಮೇಲೆ ನಾಲ್ಕು ಮೈಕುಗಳಿದ್ದವು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನಿಮ್ಮ ಬಲಗಡೆ ಯಾರಾದರೂ ಚಪ್ಪಾಳೆ ತಟ್ಟಿದರೆ ಅದು ಬಲಗಿವಿಗೆ ಮೊದಲು, ಎಡಗಿವಿಗೆ ಆಮೇಲೆ ಮುಟ್ಟುತ್ತದೆ. ಅಂತರ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅಷ್ಟರಲ್ಲೇ ಮಿದುಳು ದಿಕ್ಕನ್ನು ಕಂಡುಹಿಡಿಯುತ್ತದೆ. ಸೆನ್‌ಸ್ಟರ್ ಕೂಡ ಮೈಕುಗಳಿಗೆ ಬಂದ ಶಬ್ದವನ್ನು ಹೋಲಿಸಿ ಅದು ಬಂದ ಕಡೆಗೆ ತಲೆ ತಿರುಗಿಸುತ್ತಿತ್ತು. ಎದುರಿಗಿರುವವರ ಚಲನೆಯನ್ನು ತಿಳಿಯಲು ಎರಡು ಪುಟ್ಟ ರೇಡಾರ್‌ಗಳೂ ಇದ್ದವು.

ಇಷ್ಟನ್ನೂ ನಡೆಸಲು ಒಂದು ಕಂಪ್ಯೂಟರ್. ಅದಕ್ಕೆ ಕೊಟ್ಟ ನಿಯಮಗಳು ತೀರಾ ಸರಳ: ಮೆಲುದನಿಯಿದ್ದರೆ, ನಿಧಾನದ ಚಲನೆಯಿದ್ದರೆ ಹತ್ತಿರ ಹೋಗು, ಗದ್ದಲವಿದ್ದರೆ, ಧಡಬಡ ಓಡಾಟವಿದ್ದರೆ ದೂರ ಸರಿ. ಬೆಳಿಗ್ಗೆ ಯಾರೂ ಇಲ್ಲದ ಹೊತ್ತಿನಲ್ಲಿ ಅದು ತಲೆ ಬಗ್ಗಿಸಿ ತನ್ನದೇ ಪಂಪಿನ ಸಣ್ಣ ಸದ್ದನ್ನು ಆಲಿಸುತ್ತಿತ್ತಂತೆ! ಅದಕ್ಕೆ ಯಾರೂ ಹಾಗೆ ಕಲಿಸಿರಲಿಲ್ಲ. ಮೆಲ್ಲನೆಯ ಸದ್ದಿನ ಕಡೆ ಹೋಗುವ ನಿಯಮವೇ ಅದನ್ನು ಅಲ್ಲಿಗೆ ಬಗ್ಗಿಸಿತ್ತು.

ಅಂದರೆ ಸೆನ್‌ಸ್ಟರ್‌ಗೆ ನಿಜವಾಗಿ ನಾಚಿಕೆಯೂ ಇರಲಿಲ್ಲ, ಭಯವೂ ಇರಲಿಲ್ಲ. ಸುತ್ತ ನಿಂತ ಜನ ಪಿಸುಗುಟ್ಟುತ್ತಿದ್ದರು, ನಗುತ್ತಿದ್ದರು, ಕೈ ಬೀಸುತ್ತಿದ್ದರು. ಅವರ ಆಟ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದುದರಿಂದ ಯಂತ್ರದ ಉತ್ತರವೂ ಬದಲಾಗುತ್ತಿತ್ತು. ಅದರ ನಡತೆಯಲ್ಲಿ ಕಂಡ ಸೊಗಸಿನಲ್ಲಿ ಅರ್ಧ ಪಾಲು ಜನರದ್ದೇ. ಜೀವ ಇದ್ದಂತೆ ಕಾಣಲು ರೂಪಕ್ಕಿಂತ ಮುಖ್ಯವಾದದ್ದು ಸುತ್ತಲಿನದಕ್ಕೆ ಸ್ಪಂದಿಸುವುದು.

1974ರಲ್ಲಿ ಸೆನ್‌ಸ್ಟರ್ ಅನ್ನು ಪ್ರದರ್ಶನದಿಂದ ಬಿಚ್ಚಿ ತೆಗೆದರು. ಮುಂದೆ ಅದರ ಉಕ್ಕಿನ ಅಸ್ಥಿಪಂಜರ ಎಷ್ಟೋ ವರ್ಷ ಬಯಲಲ್ಲಿ ನಿಂತಿತ್ತು. 2017ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಎಜಿಎಚ್ ವಿಶ್ವವಿದ್ಯಾಲಯ ಅದನ್ನು ಕೊಂಡಿತು; ಆಮೇಲೆ ದುರಸ್ತಿ ಮಾಡಿ, ಮತ್ತೆ ಚಲಿಸುವಂತೆ ಮಾಡಿತು.

ನೀವೂ ಒಂದು ಸೆನ್‌ಸ್ಟರ್ ಮಾಡಬಹುದು, ಖರ್ಚಿಲ್ಲದೆ! ಬಯಲಿನಲ್ಲಿ ಒಬ್ಬ ಗೆಳೆಯನಿಗೆ ಕಣ್ಣು ಕಟ್ಟಿ, ಕಿವಿಯಲ್ಲಿ ಎರಡೇ ನಿಯಮ ಹೇಳಿ: ಮೆಲುದನಿ ಬಂದರೆ ಅತ್ತ ಒಂದು ಹೆಜ್ಜೆ, ಜೋರು ದನಿ ಬಂದರೆ ಹಿಂದಕ್ಕೆ ಎರಡು ಹೆಜ್ಜೆ. ಉಳಿದವರು ಸುತ್ತ ನಿಂತು ಬಗೆಬಗೆಯ ಸದ್ದು ಮಾಡುತ್ತ ನಿಯಮ ಏನೆಂದು ಊಹಿಸಲಿ. ಆಮೇಲೆ ನಿಯಮವನ್ನು ತಿರುವುಮುರುವು ಮಾಡಿ. ಇಷ್ಟು ಹೊತ್ತು ಅಂಜುಬುರುಕನಂತೆ ಕಂಡವನು ಈಗ ಹೇಗೆ ಕಾಣುತ್ತಾನೆ, ಹೇಳಿ ನೋಡೋಣ?