ಸತು ಮತ್ತು ಪುರುಷ ಬಂಜೆತನ: ಕೊರತೆಯ ಪಾಠ, ಮಾತ್ರೆಯ ವಾದ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಡಾಕ್ಟರು, ಮಕ್ಕಳಾಗಲಿಲ್ಲವೆಂದು ದಂಪತಿ ಬಂದರೆ ಗಂಡನನ್ನೇ ಮೊದಲು ಒಳಗೆ ಕರೆಯುತ್ತಿದ್ದರಂತೆ. ದೂರೆಲ್ಲ ಹೆಂಡತಿಯ ತಲೆಗೇ ಕಟ್ಟುತ್ತಿದ್ದ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. ಅವರ ಹೆಸರಿನಲ್ಲಿ ಮಾತಾಡಲು ಕರೆದಿದ್ದೀರಿ; ಕೃತಜ್ಞ.

ಶರೀರಶಾಸ್ತ್ರದ ಮೊದಲ ಪಾಠಗಳು ಯಾವ ಪಠ್ಯದಲ್ಲಾದರೂ ಸಿಗುತ್ತವೆ. ಎರಡು ಮಾತು ಸಾಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ವೀರ್ಯದಲ್ಲಿ ರಕ್ತದ್ರವಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸತುವಿದೆ. ಬಹುಪಾಲು ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಈ ಸತು, ವೀರ್ಯಾಣುವಿನ ತಲೆಯೊಳಗೆ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರಲು ನೆರವಾಗುತ್ತದೆ.

ಸತುವಿನ ಕೊರತೆ ಗಂಡಸುತನಕ್ಕೆ ಪೆಟ್ಟು ಕೊಡುತ್ತದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ ಇರಾನಿನ ಶಿರಾಜ್‌ನಲ್ಲಿ ಕಂಡ ರೋಗಿಗೆ ವಯಸ್ಸು 21, ನೋಡಲು ಹತ್ತರ ಹುಡುಗ. ಊಟವೆಂದರೆ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಚಟ. ಅಂಥ ರೋಗಿಗಳ ಬಗ್ಗೆ 1961ರಲ್ಲಿ ಬರೆದ ಪ್ರಸಾದ್, ಮುಂದೆ ಈಜಿಪ್ಟಿನ ಅಧ್ಯಯನದಲ್ಲಿ ಸತುವಿನ ಕೊರತೆಯನ್ನು ತೋರಿಸಿಕೊಟ್ಟರು. 1980ರಲ್ಲಿ ಅವರ ತಂಡ ಐವರು ಸ್ವಯಂಸೇವಕರಿಗೆ ಸತು ಕಡಿಮೆಯಿರುವ ಊಟವನ್ನೇ ಕೊಟ್ಟು ನೋಡಿತು. ವೀರ್ಯಾಣು ಇಳಿಯಿತು, ಸತು ಮರಳಿ ಕೊಟ್ಟ ಮೇಲೆ, ತಿಂಗಳುಗಳು ಕಳೆದು, ಚೇತರಿಸಿತು.

ಜಗಳ ಶುರುವಾಗುವುದು ಇಲ್ಲಿಂದ ಮುಂದೆ. ಕೊರತೆಯಿದ್ದವನಿಗೆ ಕೊಟ್ಟರೆ ಗುಣವಾಯಿತು. ಆದ್ದರಿಂದ ಬಂದವರಿಗೆಲ್ಲ ಕೊಡೋಣ ಎಂಬುದು ನನ್ನ ಅನೇಕ ಸಹೋದ್ಯೋಗಿಗಳ ರೂಢಿ. ಅವರು ಮುಂದಿಡುವ ಸಾಕ್ಷಿ 2002ರ ಡಚ್ ಅಧ್ಯಯನ. 66 ಮಿ.ಗ್ರಾಂ ಸತುವಿನ ಸಲ್ಫೇಟ್, 5 ಮಿ.ಗ್ರಾಂ ಫೋಲಿಕ್ ಆಮ್ಲ, 26 ವಾರ. ಫಲವತ್ತತೆ ಕುಗ್ಗಿದ ಗಂಡಸರಲ್ಲಿ ಸಹಜ ವೀರ್ಯಾಣುಗಳ ಒಟ್ಟು ಸಂಖ್ಯೆ ಶೇ. 74 ಏರಿತು. ಈ ಅಂಕಿಯನ್ನು ಬಾಯಿಪಾಠ ಒಪ್ಪಿಸುವವರು ಎರಡು ಸಂಗತಿ ಬಿಡುತ್ತಾರೆ. ಏರಿಕೆ ಕಂಡದ್ದು ಎರಡನ್ನೂ ಒಟ್ಟಿಗೆ ನುಂಗಿದವರಲ್ಲಿ. ಬರೀ ಸತು ನುಂಗಿದವರಲ್ಲಿ ಅಲ್ಲ. ಎಣಿಸಿದ್ದು ವೀರ್ಯಾಣುವನ್ನು. ದಂಪತಿ ನಮ್ಮ ಬಳಿ ಬರುವುದು ಮಗುವಿಗಾಗಿ.

ಮಗುವನ್ನೇ ಎಣಿಸಿದ ಅಧ್ಯಯನ 2020ರಲ್ಲಿ ಬಂತು. ಬಂಜೆತನಕ್ಕೆ ಚಿಕಿತ್ಸೆ ಬಯಸಿದ್ದ ಅಮೆರಿಕದ 2370 ದಂಪತಿ. ಅರ್ಧದಷ್ಟು ಗಂಡಸರಿಗೆ ದಿನಕ್ಕೆ 30 ಮಿ.ಗ್ರಾಂ ಸತು ಮತ್ತು 5 ಮಿ.ಗ್ರಾಂ ಫೋಲಿಕ್ ಆಮ್ಲ, ಉಳಿದವರಿಗೆ ಹುಸಿಮಾತ್ರೆ, ಆರು ತಿಂಗಳು. ಮಗು ಹುಟ್ಟಿದ್ದು ಮಾತ್ರೆಯ ಗುಂಪಿನಲ್ಲಿ ಶೇ. 34, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 35. ವೀರ್ಯಾಣುವಿನ ಸಂಖ್ಯೆ, ಚಲನೆ, ಆಕಾರ ಯಾವುದರಲ್ಲೂ ಲಾಭವಿಲ್ಲ. ಡಿಎನ್‌ಎ ತುಂಡಾಗುವ ಪ್ರಮಾಣ ಮಾತ್ರೆ ನುಂಗಿದವರಲ್ಲೇ ಹೆಚ್ಚು: ಶೇ. 29.7, ಅತ್ತ 27.2. ಹೊಟ್ಟೆನೋವು, ವಾಕರಿಕೆಯೂ ಅವರಲ್ಲೇ ಹೆಚ್ಚು. ‘ಕೊಟ್ಟರೆ ನಷ್ಟವೇನು?’ ಎಂದು ಇನ್ನೂ ಕೇಳುವವರು ಈ ಸಾಲನ್ನು ಮತ್ತೊಮ್ಮೆ ಓದಲಿ.

ಎದುರು ವಾದವೊಂದಿದೆ, ತೂಕದ್ದೇ. ‘ಅವರು ಮಾಂಸ ತಿನ್ನುವ ಅಮೆರಿಕನ್ನರು. ನಮ್ಮವರದು ರಾಗಿ, ಜೋಳ, ಅಕ್ಕಿ, ಬೇಳೆ. ಅದರಲ್ಲಿರುವ ಫೈಟೇಟ್ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ’ ಎಂಬುದು. ನಿಜ. ಭಾರತೀಯ ಗಂಡಸಿಗೆ ದಿನಕ್ಕೆ 17 ಮಿ.ಗ್ರಾಂ ಸತು ಬೇಕೆಂದು ಐಸಿಎಂಆರ್ ಹೇಳಿರುವುದರ ಹಿಂದೆ ಈ ಲೆಕ್ಕವಿದೆ. ಆದರೆ ಇದರಿಂದ ಹೊರಡುವ ತೀರ್ಮಾನ ಊಟ ವಿಚಾರಿಸಿ ಎಂಬುದೇ ಹೊರತು ಕಣ್ಣುಮುಚ್ಚಿ ಚೀಟಿ ಬರೆಯಿರಿ ಎಂಬುದಲ್ಲ. ಇಡ್ಲಿ ಹಿಟ್ಟು ಹುದುಗಿದಾಗ, ಕಾಳು-ಧಾನ್ಯಕ್ಕೆ ಈರುಳ್ಳಿ, ಬೆಳ್ಳುಳ್ಳಿ ಬೆರೆತಾಗ ಸತು ಹೆಚ್ಚು ದಕ್ಕುವಂತಾಗುತ್ತದೆ ಎಂದು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ.

ರಕ್ತದಲ್ಲಿ ಸತು ನೋಡಿಯೇ ಕೊಡುತ್ತೇವೆ ಎನ್ನುವವರಿಗೂ ಒಂದು ಮಾತು. ಊಟವಾದ ಮೇಲೆ ಆ ಅಂಕಿ ಇಳಿಯುತ್ತದೆ, ಸೋಂಕಿದ್ದರೂ ಇಳಿಯುತ್ತದೆ. ರಕ್ತ ಹಿಡಿದ ನಳಿಗೆಯ ರಬ್ಬರ್ ಮುಚ್ಚಳದಿಂದಲೇ ಸತು ಸೇರಿ ಏರಲೂಬಹುದು. ಒಬ್ಬ ವ್ಯಕ್ತಿಯ ಕೊರತೆಯನ್ನು ಆ ಒಂದು ಅಂಕಿಯಿಂದ ತೀರ್ಮಾನಿಸಲಾಗದು.

ಇನ್ನು ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಸತುವಿನ ಸಲ್ಫೇಟ್ 220 ಮಿ.ಗ್ರಾಂ ಎಂದಿದ್ದರೆ ಒಳಗಿರುವ ಸತು 50 ಮಿ.ಗ್ರಾಂ. ವಯಸ್ಕರಿಗೆ ದಿನದ ಮೇಲ್ಮಿತಿ 40. ತಿಂಗಳುಗಟ್ಟಲೆ ಮಿತಿ ಮೀರಿದರೆ ತಾಮ್ರದ ಕೊರತೆ, ಅದರ ಬೆನ್ನಿಗೆ ರಕ್ತಹೀನತೆ.

ನನಗೆ ಹೆಚ್ಚು ಸಂಕಟ ಕೊಡುವುದು ಕಳೆದುಹೋಗುವ ಕಾಲ. ನನ್ನಲ್ಲಿಗೆ ಬಂದ ಒಂದು ಫೈಲಿನಲ್ಲಿ ಹೆಂಡತಿಯ ಹಾರ್ಮೋನು ಪರೀಕ್ಷೆ, ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ ಎಲ್ಲ ಇದ್ದವು. ಗಂಡನ ಪಾಲಿಗೆ ಇದ್ದದ್ದು ಸತುವಿನ ಚೀಟಿಗಳು ಮಾತ್ರ. ವೀರ್ಯ ಪರೀಕ್ಷೆ ಒಂದೂ ಇಲ್ಲ. ನಿಲ್ಲಿಸಿ ಕೆಮ್ಮಿಸಿದಾಗ ಎಡಗಡೆಯ ಉಬ್ಬಿದ ರಕ್ತನಾಳಗಳು ಕೈಗೇ ಸಿಕ್ಕವು: ವೆರಿಕೋಸೀಲ್. ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಂಡು ವೀರ್ಯಾಣು ಬತ್ತಿಸಿಕೊಂಡವರಿಗೂ ಇದೇ ಮಾತ್ರೆ ಸಿಗುತ್ತಿದೆ. ಅವರು ನಿಲ್ಲಿಸಬೇಕಾದ್ದು ಚುಚ್ಚುಮದ್ದನ್ನು. ಗಂಡ ಮಾತ್ರೆ ನುಂಗುತ್ತಿದ್ದಷ್ಟು ಕಾಲ ಹೆಂಡತಿಯ ವಯಸ್ಸೂ ಏರುತ್ತಿರುತ್ತದೆ.

ನಮ್ಮ ಡಾಕ್ಟರ ಕ್ರಮಕ್ಕೆ ಹಿಂದಿರುಗೋಣ ಎಂಬುದಷ್ಟೇ ನನ್ನ ವಿನಂತಿ: ಮೊದಲು ಗಂಡನನ್ನು ಮುಟ್ಟಿ ನೋಡಿ, ಎರಡರಿಂದ ಏಳು ದಿನದ ಸಂಯಮದ ನಂತರ ವೀರ್ಯ ಪರೀಕ್ಷೆ ಮಾಡಿಸಿ, ಊಟ ಕೇಳಿ, ಔಷಧದ ಮಾತು ಆಮೇಲೆ. ನನ್ನನ್ನು ಒಪ್ಪದವರಿಗೆ ಒಂದು ಆಹ್ವಾನವೂ ಇದೆ. ಅಮೆರಿಕದ ಫಲಿತಾಂಶ ನಮಗೆ ಹೊಂದದು ಎನ್ನುವಿರಾದರೆ ನಮ್ಮಲ್ಲೇ ಪರೀಕ್ಷಿಸೋಣ. ಕೊರತೆಯಿರುವ ಗಂಡಸರನ್ನು ಆರಿಸಿ, ಬರೀ ಸತು ಕೊಟ್ಟು, ಹುಟ್ಟುವ ಮಕ್ಕಳನ್ನು ಎಣಿಸೋಣ. ಅಲ್ಲಿ ನೀವು ಗೆದ್ದರೆ ಮರುದಿನದಿಂದ ಆ ಚೀಟಿಯನ್ನು ನಾನೂ ಬರೆಯುತ್ತೇನೆ.