ಹಳೆಯ ಆಟಕ್ಕೆ ಹಳೆಯ ಟಿವಿ

(ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತಿನ ವಿಷಯ ಕೇಳಿ ಹಿರಿಯರು ಕೆಲವರು ನಕ್ಕಿರಬಹುದು. ಗುಜರಿಯವರಿಗೆ ಕೊಟ್ಟು ಕೈತೊಳೆದುಕೊಂಡ ಡಬ್ಬಾ ಟಿವಿಯನ್ನು ಈಗ ಹುಡುಗರು ಹುಡುಕಿಕೊಂಡು ಹೋಗುತ್ತಿದ್ದಾರೆ, ಅದೂ ವಿಡಿಯೋ ಗೇಮ್ ಆಡುವುದಕ್ಕೆ! ಗೋಡೆಯ ಮೇಲೆ ಹಲಗೆಯಂಥ ತೆಳ್ಳನೆಯ ಟಿವಿ ಇರುವಾಗ ಈ ಹೊರೆ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಳೆಯದರ ಮೇಲಿನ ಮೋಹ ಒಂದು ಕಾರಣ, ನಿಜ. ಆದರೆ ಅದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಆ ಕಾಲದ ಆಟಗಳನ್ನು ಕಟ್ಟಿದವರು ಗಾಜಿನ ಪಿಕ್ಚರ್ ಟ್ಯೂಬನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಕಟ್ಟಿದರು. ಚಿತ್ರದ ಅರ್ಧ ಕೆಲಸ ಆಟದ ಪೆಟ್ಟಿಗೆಯದು, ಉಳಿದರ್ಧ ಟಿವಿಯದು.

ನಮ್ಮ ಕಡೆಗೆ ಟಿವಿ ಬಂದದ್ದೇ ತಡವಾಗಿ. ದೆಹಲಿಯಲ್ಲಿ 1959ರಲ್ಲೇ ಪ್ರಸಾರ ಆರಂಭವಾಗಿತ್ತು. 1975–76ರಲ್ಲಿ ಉಪಗ್ರಹದ ಮೂಲಕ 2,400 ಹಳ್ಳಿಗಳಿಗೆ ಟಿವಿ ತೋರಿಸಿದ ಪ್ರಯೋಗ ನಡೆದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು. ಕಾವೇರಿ ಬಯಲಿನ ನಾವು ಕಾಯಬೇಕಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಕೆಲಸ ಶುರು ಮಾಡಿದ್ದು 1981ರಲ್ಲಿ, ದೇಶಕ್ಕೆ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ. ಕಪ್ಪುಬಿಳುಪು ಟಿವಿಯ ಪಿಕ್ಚರ್ ಟ್ಯೂಬು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲೇ ತಯಾರಾಗುತ್ತಿತ್ತು ಎಂಬುದನ್ನು ಇಂದಿನ ಹುಡುಗರಿಗೆ ಹೇಳಿದರೆ ಕಣ್ಣರಳಿಸುತ್ತಾರೆ. ಮರದ ಬಾಗಿಲಿದ್ದ ಡಯನೋರಾ, ಸಾಲಿಡೇರ್‌ಗಳು, ಆಮೇಲೆ ಬಿಪಿಎಲ್, ಒನಿಡಾ, ವಿಡಿಯೋಕಾನ್‌ಗಳು ಹೀಗೆ ಒಂದೊಂದಾಗಿ ಮನೆ ಹೊಕ್ಕವು.

1990ರ ದಶಕದಲ್ಲಿ ಆ ಟಿವಿಗಳ ಬೆನ್ನಿಗೆ ಒಂದು ಹೊಸ ತಂತಿ ಸೇರಿಕೊಂಡಿತು. ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದ ಹೆಸರಿನಲ್ಲಿ ಬಂದ ಆಟದ ಪೆಟ್ಟಿಗೆಗಳು ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲುಗಳು. ಆಂಟೆನಾ ತಂತಿ ಕಿತ್ತು ಆ ಜಾಗಕ್ಕೆ ಇದರ ತಂತಿ ಸಿಕ್ಕಿಸಿ, ಚಾನೆಲ್ ಹುಡುಕಿದರೆ ಮಾರಿಯೋ ಪ್ರತ್ಯಕ್ಷ. ಅಪ್ಪ ವಾರ್ತೆ ನೋಡಲು ಕುಳಿತರೆ ಮತ್ತೆ ಆಂಟೆನಾ ಸಿಕ್ಕಿಸಬೇಕು. ಎಷ್ಟೋ ಮನೆಗಳಲ್ಲಿ ಜಗಳ ನಡೆದದ್ದು ಆ ಒಂದು ತೂತಿಗಾಗಿ.

ಟ್ಯೂಬು ಚಿತ್ರ ಬಿಡಿಸುವ ಬಗೆ ಹೀಗೆ. ಹಿಂದಿನ ಕತ್ತಿನಿಂದ ಹೊರಟ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಪುಡಿಯನ್ನು ಸಾಲು ಸಾಲಾಗಿ ಬೆಳಗಿಸುತ್ತದೆ, ಗದ್ದೆ ಉಳುವವನು ಸಾಲು ಹಿಡಿದಂತೆ. ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಸಾಲು. ಪ್ರಸಾರದ ಚಿತ್ರದಲ್ಲಿ ಒಂದು ಸಲ ಬೆಸ ಸಾಲು, ಮರುಸಲ ಸಮ ಸಾಲು ಬೀಳುತ್ತದೆ. ಹಳೆಯ ಆಟದ ಪೆಟ್ಟಿಗೆ ಮಾತ್ರ ಪ್ರತಿಸಲವೂ ಅದೇ ಸಾಲುಗಳ ಮೇಲೆ ಬರೆಯುತ್ತದೆ, ನಡುವಿನವು ಕಪ್ಪಾಗಿಯೇ ಉಳಿಯುತ್ತವೆ. ಅಗಲಕ್ಕೆ ಬರೀ 256 ಚುಕ್ಕೆಯ ಆ ಒರಟು ಚಿತ್ರ, ಈ ಕಪ್ಪು ಗೆರೆಗಳಿಂದಲೂ ಫಾಸ್ಫರ್ ಪುಡಿಯ ಹರಡುವ ಬೆಳಕಿನಿಂದಲೂ ಮೃದುವಾಗುತ್ತದೆ. ಸೆಗಾ ಕಂಪನಿಯ 1991ರ ಸೋನಿಕ್ ಆಟದಲ್ಲಿ ಒಂದು ಜಲಪಾತವಿದೆ. ಪೆಟ್ಟಿಗೆ ಕಳಿಸುವುದು ನೇರ ಪಟ್ಟಿಗಳನ್ನು ಮಾತ್ರ. ಹಳದಿ ಪಿನ್ನಿನ ತಂತಿಯಲ್ಲಿ ಹಾದು ಟ್ಯೂಬಿನ ಮೇಲೆ ಬೀಳುವಷ್ಟರಲ್ಲಿ ಪಟ್ಟಿಗಳು ಒಂದರಲ್ಲೊಂದು ಕಲೆತು, ನೀರಿನ ಹಿಂದಿನ ಬಂಡೆ ಕಾಣಿಸುತ್ತದೆ. ಇಂದಿನ ಟಿವಿಯಲ್ಲಿ ಅದನ್ನೇ ಚೊಕ್ಕಟವಾಗಿ ತೋರಿಸಿದರೆ ಕಾಣುವುದು ನೀರಲ್ಲ, ಕಂಬಿಬೇಲಿ!

ಇನ್ನು ಬಾತುಕೋಳಿ ಹೊಡೆಯುವ ಬಂದೂಕಿನ ಆಟ. ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದರ ತುದಿಯಲ್ಲಿರುವುದು ಬೆಳಕನ್ನು ನೋಡುವ ಒಂದು ಕಣ್ಣು. ಕುದುರೆ ಒತ್ತಿದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಕಣ್ಣಿಗೆ ಕತ್ತಲಿನ ಬೆನ್ನಿಗೇ ಬೆಳಕು ಕಂಡರೆ ಗುರಿ ತಾಗಿತೆಂದು ಲೆಕ್ಕ. ತೆಳು ಟಿವಿ ಬಂದ ಚಿತ್ರವನ್ನು ಮೊದಲು ನೆನಪಿನಲ್ಲಿಟ್ಟು, ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ನೋಡಬೇಕಾದ ಗಳಿಗೆ ಕಳೆದುಹೋಗಿರುತ್ತದೆ, ಬಾತುಕೋಳಿಗೆ ಚಿರಂಜೀವಿ ಪದವಿ. ಮಾರಿಯೋ ಹಳ್ಳಕ್ಕೆ ಬೀಳುವುದಕ್ಕೂ ಎಷ್ಟೋ ಸಲ ಇದೇ ವಿಳಂಬ ಕಾರಣ, ಆಡುವವನ ಕೈಯಲ್ಲ.

ಹಾಗಾದರೆ ಎಂಥ ಟಿವಿ ತೆಗೆದುಕೊಳ್ಳಬೇಕು? ನನ್ನ ಮಟ್ಟಿಗೆ, 20 ಅಥವಾ 21 ಅಂಗುಲದ, ಮುಖ ಸ್ವಲ್ಪ ಉಬ್ಬಿದ, ಎವಿ ತೂತಿರುವ ಸಾಧಾರಣ ಬಣ್ಣದ ಟಿವಿ ಸಾಕು. ಇಬ್ಬರು ಮಕ್ಕಳಿಗೆ 14 ಅಂಗುಲವೂ ಸಾಲುತ್ತದೆ. ಗಡಿಯಾಚೆ ತಾಳವಾಡಿ, ಹೊಸೂರು ಕಡೆ ನೆಂಟರಿದ್ದರೆ ಕೇಳಿ ನೋಡಿ. ತಮಿಳುನಾಡು ಸರ್ಕಾರ 2006ರ ನಂತರ ಮನೆಮನೆಗೆ ಉಚಿತವಾಗಿ ಹಂಚಿದ 14 ಅಂಗುಲದ ಬಣ್ಣದ ಟಿವಿಗಳು ಅಲ್ಲಿನ ಕನ್ನಡದ ಮನೆಗಳ ಅಟ್ಟದಲ್ಲೂ ಇರಬಹುದು. 29 ಅಂಗುಲದ ಚಪ್ಪಟೆ ಮುಖದ ಟ್ಯೂಬಿಗೆ ಆಸೆ ಪಡುವವರಿದ್ದಾರೆ. ಅವುಗಳಲ್ಲಿ ಅಂಚಿನ ಗೆರೆಗಳು ಬಾಗುವುದು ಹೆಚ್ಚು, ಹೊರಲು ಆಳು ಬೇಕು. ‘100 ಹರ್ಟ್ಸ್’ ಎಂದು ಬರೆದಿದ್ದರೆ ಬೇಡವೇ ಬೇಡ. ಅದೂ ಚಿತ್ರವನ್ನು ನೆನಪಿನಲ್ಲಿಟ್ಟೇ ತೋರಿಸುವ ಜಾತಿ, ಬಂದೂಕು ಕೆಲಸ ಮಾಡದು. ಸೋನಿಯ ಟ್ರಿನಿಟ್ರಾನ್ ಟ್ಯೂಬು ಒಳ್ಳೆಯದೇ. ಅದರಲ್ಲಿ ಕೂದಲೆಳೆಯಂಥ ಒಂದೋ ಎರಡೋ ಅಡ್ಡಗೆರೆ ಕಂಡರೆ ದೋಷವೆಂದುಕೊಳ್ಳಬೇಡಿ. ಒಳಗಿನ ತಂತಿಜಾಲರಿಯನ್ನು ಬಿಗಿಹಿಡಿದ ಎಳೆಯ ನೆರಳು ಅದು.

ಜಪಾನ್, ಅಮೆರಿಕದಿಂದ ತರಿಸಿದ ಪೆಟ್ಟಿಗೆಯಾದರೆ ಇನ್ನೊಂದು ಮಾತು. ಅವು ಎನ್‌ಟಿಎಸ್‌ಸಿ ಪದ್ಧತಿಯವು. ಬರೀ ಪಾಲ್ ತಿಳಿದ ಟಿವಿಯಲ್ಲಿ ಬಣ್ಣವೇ ಬರುವುದಿಲ್ಲ. ಮೆನುವಿನಲ್ಲಿ ಕಲರ್ ಸಿಸ್ಟಂ ಎಂದಿದ್ದು, ಎನ್‌ಟಿಎಸ್‌ಸಿ 3.58 ಎಂಬ ಆಯ್ಕೆ ಇದೆಯೇ ನೋಡಿ. ಆ ಪದ್ಧತಿಯಲ್ಲಿ ಸೆಕೆಂಡಿಗೆ 60 ಚಿತ್ರ, ನಮ್ಮದರಲ್ಲಿ 50. ಹೀಗಾಗಿ ಅಲ್ಲಿನ ಮಾರಿಯೋ ಆರು ಹೆಜ್ಜೆ ಇಡುವಷ್ಟರಲ್ಲಿ ನಮ್ಮ ನಕಲು ಪೆಟ್ಟಿಗೆಯವನು ಐದು ಹೆಜ್ಜೆ ಇಟ್ಟಿರುತ್ತಾನೆ. ಇಲ್ಲಿ ಆಡಿ ಬೆಳೆದವರಿಗೆ ಮೂಲದ ಆಟವೇ ಅವಸರದ್ದು ಎನಿಸುತ್ತದೆ! ಯಾವುದು ಸರಿ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ.

ಟಿವಿ ನೋಡಲು ಹೋಗುವಾಗ ಆಟದ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ತಣ್ಣಗಿರುವ ಟಿವಿಯನ್ನು ಹಚ್ಚಿಸಿ, ಮೊದಲ ಎರಡು ನಿಮಿಷ ಸುಮ್ಮನೆ ನೋಡಿ. ಬೆಳಕು ಬರಲು ಬಹಳ ಹೊತ್ತು ಹಿಡಿದರೆ, ಇಲ್ಲವೇ ಒಂದು ಬಣ್ಣ ಪಕ್ಕಕ್ಕೆ ಎಳೆದುಕೊಂಡಂತೆ ಕಂಡರೆ, ಟ್ಯೂಬು ಸವೆದಿದೆ ಎಂದರ್ಥ. ಅದು ಮುಪ್ಪು, ಔಷಧಿಯಿಲ್ಲ. ಆಮೇಲೆ ಮಾರಿಯೋ ಹಾಕಿ. ಮೊದಲ ಮಜಲಿನ ನೀಲಿ ಆಕಾಶಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪರದೆಯ ಬಹುಪಾಲು ಒಂದೇ ನೀಲಿಯಾಗಿರಬೇಕು. ಮೂಲೆಯಲ್ಲಿ ನೇರಳೆ, ಹಸಿರು ಮಚ್ಚೆ ಕಂಡರೆ ಹತ್ತಿರದಲ್ಲಿ ಸ್ಪೀಕರು, ಆಯಸ್ಕಾಂತ ಇದ್ದಿರಬಹುದು. ಟಿವಿ ಹಚ್ಚಿದಾಗ ‘ಡುಂ’ ಎಂದು ಕೇಳುವ ಸದ್ದು ಆ ಕಾಂತವನ್ನು ತೆಗೆಯುವ ಸುರುಳಿಯದೇ. ಆದರೆ ಬಿದ್ದು ಒಳಗಿನ ಜಾಲರಿ ಸೊಟ್ಟಗಾಗಿದ್ದರೆ ಯಾರಿಂದಲೂ ಆಗದು. ನಡುವೆ ಬರೀ ಒಂದು ಅಡ್ಡ ಬೆಳಕಿನ ಗೆರೆ ಬಂದಿದ್ದರೆ ಹೆದರಬೇಡಿ, ಬೆಲೆ ಇಳಿಸಿ ಕೇಳಿ. ಹೆಚ್ಚಿನ ಸಂದರ್ಭದಲ್ಲಿ ಅದು ಒಂದು ಐಸಿಯ ಕೆಲಸ. ಸಂಜೆ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ನಮ್ಮ ಊರುಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ, ಹಳೆಯ ಟಿವಿಯ ಚಿತ್ರ ನಾಲ್ಕೂ ಕಡೆ ಕುಗ್ಗುತ್ತದೆ. ಅದು ಟಿವಿಯ ತಪ್ಪಲ್ಲ, ಸ್ಟೆಬಿಲೈಜರ್ ಇಡಿ.

ಇಷ್ಟೆಲ್ಲ ಅವಸರ ಯಾಕೆಂದರೆ, ಇನ್ನು ಹೊಸ ಪಿಕ್ಚರ್ ಟ್ಯೂಬು ಹುಟ್ಟುವುದಿಲ್ಲ. ನಮ್ಮ ದೇಶದ ಕಾರ್ಖಾನೆಗಳೂ ಬಾಗಿಲು ಹಾಕಿವೆ. ಆಂಟೆನಾದಿಂದ ಹಿಡಿಯುತ್ತಿದ್ದ ದೂರದರ್ಶನದ ಅನಲಾಗ್ ಪ್ರಸಾರವೂ ಬಹುತೇಕ ನಿಂತಿದೆ. ಗುಜರಿಯಲ್ಲಿ ತಾಮ್ರಕ್ಕಾಗಿ ಒಡೆದ ಒಂದೊಂದು ಟಿವಿಯೂ ಲೆಕ್ಕದಿಂದ ಹೋದಂತೆಯೇ, ಅದರ ಗಾಜಿನ ಸೀಸ ಮಣ್ಣಿಗೆ ಸೇರುವುದು ಬೇರೆ. ಅದಕ್ಕಿಂತ ಬೇಗ ಮುಗಿಯುತ್ತಿರುವವರು ರಿಪೇರಿ ಬಲ್ಲವರು. ಸದ್ದು ಕೇಳಿಯೇ ಇಎಚ್‌ಟಿ ಹೋಗಿದೆ ಎನ್ನುತ್ತಿದ್ದವರು ಈಗ ಮೊಬೈಲ್ ರೀಚಾರ್ಜ್ ಮಾಡಿಕೊಂಡು ಕುಳಿತಿದ್ದಾರೆ. ಟಿವಿ ಹುಡುಕುವ ಮೊದಲು ನಿಮ್ಮ ಪೇಟೆಯಲ್ಲಿ ಅಂಥವರೊಬ್ಬರನ್ನು ಹುಡುಕಿ, ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರು ಬೇಡವೆಂದದ್ದನ್ನು ಬಿಡಿ.

ಹಿಂದಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಬಣ್ಣದ ಟ್ಯೂಬಿನೊಳಗೆ 20–25 ಸಾವಿರ ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಎತ್ತುವಾಗ ಗಾಜಿನ ಮುಖ ನಿಮ್ಮ ಎದೆಯ ಕಡೆಗಿರಲಿ, ಭಾರವೆಲ್ಲ ಆ ಕಡೆಯೇ. ಗಾಡಿಯಲ್ಲಿ ತರುವುದಾದರೆ ಹಳೆಯ ಕಂಬಳಿಯ ಮೇಲೆ ಮುಖ ಕೆಳಗಾಗಿ ಮಲಗಿಸಿ. ಟ್ಯೂಬಿನ ಕತ್ತು ಬಹಳ ತೆಳುವು, ಅಲ್ಲಿ ಪೆಟ್ಟು ಬಿದ್ದರೆ ಬುಸ್ಸೆಂದು ಗಾಳಿ ನುಗ್ಗಿ ಟಿವಿ ಅಲ್ಲಿಗೇ ಮುಗಿಯಿತು.