ಊರ ಮಿಲ್ಲಿನ ಅಕ್ಕಿ

ಭತ್ತ ಬೆಳೆಯುವ ಮನೆಯವರು ವರ್ಷದ ಅಕ್ಕಿಯನ್ನು ಒಂದೇ ಸಲ ಮಾಡಿಸಿಡುವುದು ಕಡಿಮೆ. ಸಿಪ್ಪೆಯೊಳಗಿದ್ದಷ್ಟು ದಿನ ಕಾಳು ಸುಲಭಕ್ಕೆ ಕೆಡದು. ಅಕ್ಕಿಯಾದರೆ ಹುಳು ಬೀಳುತ್ತದೆ. ಬೇಕೆನಿಸಿದಾಗ ಒಂದೆರಡು ಮೂಟೆ ಹೊರಡುತ್ತವೆ. ಇಷ್ಟು ಸಣ್ಣ ಗಿರಾಕಿಯನ್ನು ಪೇಟೆಯ ದೊಡ್ಡ ಮಿಲ್ಲು ಮೂಸಿಯೂ ನೋಡದು. ಊರ ಮಿಲ್ಲು ನಡೆಯುವುದೇ ಅಂಥವರಿಂದ.

ಅಲ್ಲಿನ ಹಳೆಯ ಯಂತ್ರ ಹಲ್ಲರ್. ಬ್ರೆಜಿಲಿನ ಎಂಗೆಲ್‌ಬರ್ಗ್ 1880ರ ದಶಕದಲ್ಲಿ ರೂಪಿಸಿದ್ದು. ಏಣುಗಳುಳ್ಳ ಉಕ್ಕಿನ ಉರುಳೆ ತಿರುಗುತ್ತದೆ, ಕೆಳಗೆ ತೂತಿನ ತಗಡು, ಪಕ್ಕದಲ್ಲೊಂದು ಅಲಗು. ನಡುವೆ ಸಿಕ್ಕಿದ ಭತ್ತ ಉಮಿಯನ್ನೂ ತೌಡನ್ನೂ ಒಟ್ಟಿಗೇ ಕಳಚಿಕೊಳ್ಳುತ್ತದೆ. ಬೆಲೆ ಕಡಿಮೆ, ರಿಪೇರಿ ಸಲೀಸು, ಡೀಸೆಲ್ ಎಂಜಿನ್ನಿಗೆ ಬೆಲ್ಟು ಹಾಕಿದರೆ ಸಾಕು.

ಆದರೆ ಕಾಳು ಮುರಿಯುತ್ತದೆ. 100 ಕಿಲೋ ಭತ್ತದಲ್ಲಿ ಉಮಿಯೇ ಸುಮಾರು 20 ಕಿಲೋ; ಒಳ್ಳೆಯ ಯಂತ್ರ 65ರಿಂದ 70 ಕಿಲೋ ಅಕ್ಕಿ ಕೊಡಬಲ್ಲದು. ಹಲ್ಲರಿನಲ್ಲಿ ಅದು 55ರ ಆಸುಪಾಸಿಗೆ ಇಳಿಯುವುದೂ ಉಂಟು, ಅದರಲ್ಲೂ ನುಚ್ಚು ಬಹಳ. ತೌಡಿನಲ್ಲಿ ಉಮಿ ಬೆರೆತಿರುವುದರಿಂದ ಎಣ್ಣೆ ತೆಗೆಯುವವರಿಗೂ ಅದು ಬೇಡ. ಕರಾವಳಿಯ ಕುಚ್ಚಲಕ್ಕಿಗೆ ಮಾತ್ರ ಈ ಪಾಡು ಅಷ್ಟಿಲ್ಲ: ಬೇಯಿಸಿ ಒಣಗಿಸಿದ ಭತ್ತದ ಕಾಳು ಗಟ್ಟಿ.

ಕೈಕುಟ್ಟು ಅಕ್ಕಿಯ ಕಸುಬನ್ನೂ ಗಮನದಲ್ಲಿಟ್ಟು ಕೇಂದ್ರ ಸರ್ಕಾರ 1958ರಲ್ಲಿ ಮಿಲ್ಲುಗಳಿಗೆ ಪರವಾನಗಿಯ ಕಾಯಿದೆ ತಂದಿತು. 1997ರಲ್ಲಿ ಅದು ರದ್ದಾಯಿತು. ಅಷ್ಟರಲ್ಲಿ ಒನಕೆ ಅಟ್ಟ ಸೇರಿತ್ತು.

ಈಗಿನ ಸಣ್ಣ ಮಿಲ್ಲುಗಳಲ್ಲಿ ರಬ್ಬರ್ ರೋಲು ಬಂದಿದೆ. ಎರಡು ರೋಲುಗಳು ಎದುರುಬದುರು ತಿರುಗುತ್ತವೆ, ಒಂದು ಜೋರಾಗಿ, ಇನ್ನೊಂದು ನಿಧಾನವಾಗಿ. ನಡುವೆ ಇಳಿಯುವ ಕಾಳಿನ ಸಿಪ್ಪೆಯನ್ನು ಅಂಗಿ ಬಿಚ್ಚಿದಂತೆ ಎಳೆದುಬಿಡುತ್ತವೆ. ಪಾಲಿಶ್ ಬೇರೆಯಾಗಿ, ಬೇಕಿದ್ದಷ್ಟೇ. ಊರ ಮಿಲ್ಲಿನ ನಿಜವಾದ ಬಲ ಇಲ್ಲಿದೆ. ರಾಜಮುಡಿಯಂಥ ಕೆಂಪಕ್ಕಿಯ ಬಣ್ಣವಿರುವುದು ತೌಡಿನ ಪದರದಲ್ಲೇ, ಬಿ1 ಜೀವಸತ್ವ ಹೆಚ್ಚಿರುವುದೂ ಅಲ್ಲೇ. ಮಿಲ್ಲಿನ ಮುಂದೆ ನಿಂತವರು ‘ಸಾಕು ನಿಲ್ಲಿಸಿ’ ಎಂದರೆ ಅದು ಉಳಿಯುತ್ತದೆ. ಬಹುಪಾಲು ಜನ ‘ಇನ್ನೊಂದು ಸಲ ಹಾಕಿ, ಬೆಳ್ಳಗಾಗಲಿ’ ಎನ್ನುತ್ತಾರೆ, ಅದು ಬೇರೆ ಮಾತು.

ಯಾವ ಯಂತ್ರವಾದರೂ ಭತ್ತದ ತೇವ ಶೇ. 14ರಷ್ಟಿರಬೇಕು. ಪಳಗಿದ ಮಿಲ್ಲಿನವರು ಮೀಟರು ಹುಡುಕುವುದಿಲ್ಲ. ಕಾಳೊಂದನ್ನು ಹಲ್ಲಿಗಿಟ್ಟು ಕಡಿಯುತ್ತಾರೆ. ಕಟಕ್ಕೆಂದರೆ ಸರಿ, ಮೆತ್ತಗಿದ್ದರೆ ಇನ್ನೊಂದು ಬಿಸಿಲು.

ಕೂಲಿಯ ಲೆಕ್ಕ ಊರಿಗೊಂದು. ತೌಡನ್ನು ಮಿಲ್ಲಿಗೇ ಬಿಟ್ಟರೆ ಕೆಲವೆಡೆ ದುಡ್ಡು ಕಡಿಮೆ. ಹಸು ಕಟ್ಟಿರುವವರು ಪೂರ್ತಿ ಕೂಲಿ ಕೊಟ್ಟು ತೌಡಿನ ಚೀಲವನ್ನೂ ಹೊತ್ತು ನಡೆಯುತ್ತಾರೆ.